ಗೆರೆಯಾಚೆ ನಾಲ್ಕು ಬೆರಳು

ಮತ್ತೆ ಹೊರಟಿತು ಆ ಬೂಟು, ಬೌಲರ್ ಅಯಾಜನ ಕೈಯಿಂದ ಚೆಂಡು ಇನ್ನೂ ಬಿಟ್ಟಿಲ್ಲ, ಆಗಲೇ ಸುಣ್ಣದ ಗೆರೆ ದಾಟಿ ನಾಲ್ಕು ಬೆರಳು ಆಚೆ, ಬಿಳಿ ಬೂಟು, ಹೊಚ್ಚ ಹೊಸದು, ಈ ಕೆಮ್ಮಣ್ಣಿನ ನೆಲಕ್ಕೂ ತನಗೂ ಸಂಬಂಧವೇ ಇಲ್ಲದ ಹಾಗೆ ಹೋಗುತ್ತದೆ — ಹೋಗಲಿ, ಹೋಗು ಮಗನೇ, ಇನ್ನೊಂದು ಬೆರಳು ಹೋಗು — ಸ್ಟಂಪಿನ ಹಿಂದೆ ಅರ್ಧ ಬಗ್ಗಿ ನಿಂತ ಅಂಪೈರ್ ಮೈಲಾರೆಪ್ಪ ಚೆಂಡು ನೋಡಬೇಕಾದ ಹೊತ್ತಿನಲ್ಲಿ ಬೂಟು ನೋಡಿದ, ಆಚೆ ತುದಿಯಲ್ಲಿ ಕೊನೆಯ ಆಟಗಾರ ಖಲಂದರ ಕಣ್ಣು ಮುಚ್ಚಿಕೊಂಡು ಬ್ಯಾಟು ಅಡ್ಡ ಇಟ್ಟ, ಚೆಂಡು ಅವನ ಕಾಲ ಬಳಿಯೇ ಸತ್ತು ಬಿತ್ತು, ರನ್ ಇಲ್ಲ, ಬೂಟು ಓಡೋಡಿ ಒಳಗೆ ಬಂತು, ಮೈಲಾರೆಪ್ಪ ಎಡ ಜೇಬಿನಿಂದ ಒಂದು ಹುಣಸೆ ಬೀಜ ತೆಗೆದು ಬಲ ಜೇಬಿಗೆ ಹಾಕಿಕೊಂಡ, ಕೊನೆಯ ಓವರಿನ ಮೊದಲ ಎಸೆತ ಮುಗಿಯಿತು, ಇನ್ನು ಐದು ಬೀಜ. ಎರಡು ರನ್ ಬೇಕು, ಒಂದೇ ವಿಕೆಟ್ ಉಳಿದಿದೆ. ರನ್ ಬಂದರೆ ಥಾರ್ನ್‌ಟನ್ ಶೀಲ್ಡು ಹಾವೇರಿಯ ಥಾರ್ನ್‌ಟನ್ ಕ್ಲಬ್ಬಿಗೆ, ವಿಕೆಟ್ ಬಿದ್ದರೆ ರಾಣೆಬೆನ್ನೂರಿನವರಿಗೆ. ಬೂಟಿನ ಒಡೆಯ ಹನುಮೇಶ, ಎಪ್ಪತ್ತೊಂದು ಹೊಡೆದು ನಿಂತವನು, ಈಗ ಬೌಲರ್ ತುದಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಹೇಗಾದರೂ ಒಂದು ರನ್ ಕದ್ದು ಆ ತುದಿಗೆ ಹೋಗಿ ಮಿಕ್ಕದ್ದನ್ನು ತಾನೇ ಹೊಡೆದು ಮುಗಿಸುವ ಆತುರ, ಕ್ಲಬ್ಬಿನ ಕಾರ್ಯದರ್ಶಿ ಗುರುಪಾದಪ್ಪ ವಕೀಲರ ಮೊಮ್ಮಗ, ಅದೇ ಮೂಗು, ಅದೇ ಗತ್ತು, ಗೆರೆ ಎಂಬುದು ಊರ ಮಂದಿಗೆ ಎಳೆದದ್ದು, ನಮಗಲ್ಲ ಎಂದುಕೊಂಡು ಹುಟ್ಟಿದ ಅದೇ ಕಾಲು. ಇವನ ಅಪ್ಪನ ಕಾಲೂ ಹೀಗೇ ಹೋಗುತ್ತಿತ್ತು.

ಒಂದು ಮಾತು ಹೇಳಬಹುದಿತ್ತು. ಈ ಕಡೆಯ ಅಂಪೈರುಗಳೆಲ್ಲ ಹೇಳುತ್ತಾರೆ, ತುಟಿ ಅಲುಗಿಸದ ಹಾಗೆ, ತಮ್ಮಾ, ಕಾಲು ಒಳಗ ಇಟ್ಕೊ, ಅಷ್ಟೇ, ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಹೇಳುತ್ತಾರೆ, ಹುಡುಗರು ಬಿಸಿಲಲ್ಲಿ ಮೈಮರೆಯುತ್ತಾರೆ, ಚೆಂಡು ಬಿಡುವ ಮೊದಲೇ ಗೆರೆ ದಾಟಿದರೆ ಬೌಲರ್ ಎಸೆಯದೆಯೇ ಬೇಲ್ಸ್ ಹಾರಿಸಿ ಔಟ್ ಮಾಡಬಹುದು ಅಂತ. ಬೆಳಿಗ್ಗೆ ರಾಣೆಬೆನ್ನೂರಿನವರು ಬ್ಯಾಟು ಮಾಡುವಾಗ ಮೈಲಾರೆಪ್ಪನೇ ಮೂರು ಸಲ ಹೇಳಿದ್ದಾನೆ, ನಾಯಕ ಯಲ್ಲೇಶನಿಗೆ ಎರಡು ಸಲ. ಹನುಮೇಶ ಎರಡು ತಾಸಿನಿಂದ ಆಡುತ್ತಿದ್ದಾನೆ, ಎಷ್ಟು ಸಲ ಗೆರೆ ದಾಟಿದ್ದಾನೋ ಲೆಕ್ಕವಿಲ್ಲ, ಒಂದು ಸಲವೂ ಹೇಳಲಿಲ್ಲ, ಹೇಳುವುದೂ ಇಲ್ಲ, ನಾಲಗೆ ಹಲ್ಲಿನ ಹಿಂದೆ ತೆಪ್ಪಗೆ ಕೂತಿದೆ, ಇಪ್ಪತ್ತಮೂರು ವರ್ಷ ಕೂತದ್ದು ಇನ್ನೈದು ಎಸೆತ ಕೂರಲಾರದೇ. ಇದು ಸರಿಯಲ್ಲ ಎಂದು ಅವನಿಗೆ ಗೊತ್ತು. ಗೊತ್ತಿದ್ದೇ ಸುಮ್ಮನಿದ್ದಾನೆ, ಸುಮ್ಮನಿರುವುದರಲ್ಲಿ ಎಂಥ ರುಚಿ ಇದೆ ಎಂದು ಯಾರಿಗೆ ಹೇಳುವುದು. ಬೆಳಿಗ್ಗೆ ಹೆಂಡತಿ ದ್ರಾಕ್ಷಾಯಿಣಿ ಬಿಳಿ ಕೋಟಿಗೆ ಇಸ್ತ್ರಿ ತಿಕ್ಕುತ್ತ ತಲೆ ಎತ್ತದೆ ಕೇಳಿದಳು, ನ್ಯಾಯ ಕೊಡಾಕ ಹೊಂಟೀರೋ, ಹಗಿ ತೀರಿಸಾಕ ಹೊಂಟೀರೋ, ಇವನು ಗುಂಡಿ ಹಾಕಿಕೊಳ್ಳುತ್ತ, ಎರಡೂ ಒಂದ ದಿನ ಬಂದಾವ, ಅಂದ.

ಪೆವಿಲಿಯನ್ನಿನ ಜಗಲಿಯ ಮೇಲೆ, ಬೆತ್ತದ ಕುರ್ಚಿಯಲ್ಲಿ, ಅಲ್ಲೇ ಕೂತಿದ್ದಾನೆ ಮುದುಕ, ಎಪ್ಪತ್ತೆಂಟು ದಾಟಿದೆ, ಫೆಬ್ರುವರಿಯ ಈ ಉರಿಯಲ್ಲೂ ಕೋಟು, ಕೊರಳಿಗೆ ಪಟ್ಟೆಪಟ್ಟೆಯ ಟೈ, ಇಡೀ ಹಾವೇರಿ ಎದುರಿಗೆ ವಕೀಲ ಸಾಹೇಬರು ಎನ್ನುತ್ತದೆ, ಬೆನ್ನ ಹಿಂದೆ ಲಾರ್ಡ್ ಸಾಹೇಬ ಎನ್ನುತ್ತದೆ. ಯಾವುದೋ ಕಾಲದಲ್ಲಿ ಲಂಡನ್ನಿಗೆ ಹೋಗಿ ಲಾರ್ಡ್ಸ್ ಮೈದಾನ ನೋಡಿ ಬಂದವನು, ಅಲ್ಲಿಯ ಕಾವಲುಗಾರನ ಕಣ್ಣು ತಪ್ಪಿಸಿ ಕಿತ್ತು ತಂದ ಒಂದು ಹಿಡಿ ಹುಲ್ಲು ಈಗಲೂ ಗಾಜಿನ ಡಬ್ಬಿಯಲ್ಲಿದೆ, ಒಣಗಿ ಎಮ್ಮೆಯೂ ಮೂಸದ ಹಾಗಾಗಿದೆ, ಹೊಸ ಆಟಗಾರರು ಮೊದಲ ದಿನ ಅದರ ಮುಂದೆ ಟೋಪಿ ತೆಗೆದು ನಿಲ್ಲಬೇಕು — ಇದು ಇವರ ಹಿತ್ತಲದ ಕರಕಿ ಹುಲ್ಲ ಇರಬೇಕು ನೋಡಲೇ, ಅಂತ ಹಿಂದೊಮ್ಮೆ ಬ್ಯಾಡಗಿ ತಂಡದ ನಾಯಕ ಅಬ್ದುಲಗನಿ ಮೈಲಾರೆಪ್ಪನ ಕಿವಿಯಲ್ಲಿ ಹೇಳಿ ನಗಿಸಿದ್ದ. ಡಬ್ಬಿಯ ಮೇಲೆ ಗೋಡೆಗೆ ಥಾರ್ನ್‌ಟನ್ನನ ಫೋಟೋ, ಬ್ರಿಟಿಷರ ಕಾಲದಲ್ಲಿ ಈ ಸೀಮೆಗೆ ಅಸಿಸ್ಟಂಟ್ ಕಲೆಕ್ಟರ್ ಆಗಿ ಬಂದು, ಎರಡು ವರ್ಷ ಇದ್ದು, ಶೀಲ್ಡು ಕೊಟ್ಟು ಹೋದವನು, ಫೈನಲ್ ಮುಗಿದ ಮೇಲೆ ಗೆದ್ದವರು ಸೋತವರು ಇಬ್ಬರೂ ಆ ಫೋಟೋದ ಮುಂದೆ ಸಾಲಾಗಿ ನಿಂತು ಮೂರು ಸಲ ಹಿಪ್ ಹಿಪ್ ಹುರ್ರೇ ಎನ್ನಬೇಕು, ಇನ್ನು ಕುಂಕುಮ ಹಚ್ಚುವುದೊಂದು ಬಾಕಿ. ಮೂರೂ ನಲವತ್ತಕ್ಕೆ ಸರಿಯಾಗಿ ಟೀ, ಜೊತೆಗೆ ತೆಳ್ಳಗೆ ಸೌತೆಕಾಯಿ ಇಟ್ಟ ಬ್ರೆಡ್ಡು, ಅದನ್ನು ತಿಂದು ಯಾರ ಹೊಟ್ಟೆ ತುಂಬುತ್ತದೋ, ಮಿರ್ಚಿ ಮಂಡಕ್ಕಿ ಜಗಲಿ ಹತ್ತುವ ಹಾಗಿಲ್ಲ, ಎಣ್ಣಿ ಕೈಲೆ ಚೆಂಡು ಮುಟ್ಟತೀರೇನಲೇ, ಜಂಟಲ್‌ಮನ್ ಆಟ ಇದು, ಸಂತಿ ಅಲ್ಲ, ಅಂತ ಹೇಳಿ ಆಗೊಮ್ಮೆ ಬೆತ್ತದ ತುದಿಯಿಂದ ಪೊಟ್ಟಣವನ್ನು ಮೆಟ್ಟಿಲ ಕೆಳಗೆ ತಳ್ಳಿದ್ದ, ಬ್ಯಾಡಗಿಯಿಂದ ಬಿಸಿಬಿಸಿ ಕಟ್ಟಿಸಿ ತಂದದ್ದು, ಎಲ್ಲ ಮಣ್ಣು ಪಾಲು. ಪೊಟ್ಟಣ ತಂದವನು ಮೈಲಾರೆಪ್ಪ.

ಅಯಾಜ್ ಬಂದ, ನಾಲ್ಕೇ ಹೆಜ್ಜೆಯ ಸ್ಪಿನ್ನರ್, ಮೈಲಾರೆಪ್ಪನ ಭುಜ ಸವರಿಕೊಂಡು ಹೋದ, ಎರಡನೆಯ ಎಸೆತ, ಬೂಟು ಮತ್ತೆ ಆಚೆ, ಅದೇ ನಾಲ್ಕು ಬೆರಳು, ಖಲಂದರ ಬೀಸಿದ, ಗಾಳಿ ಸಿಕ್ಕಿತು, ಚೆಂಡು ಸ್ಟಂಪಿನ ತಲೆ ಸವರಿ ಕೀಪರನ ಕೈಗೆ, ಸುತ್ತ ಹೋ ಎಂದರು, ಬೀಜ ಎಡದಿಂದ ಬಲಕ್ಕೆ. ಅಯಾಜ್ ವಾಪಸು ನಡೆಯುತ್ತ ಪಕ್ಕದಲ್ಲಿ ಒಂದು ಕ್ಷಣ ನಿಂತ, ಸರ್, ಇಂವ ಭಾಳ ಲಗೂ ಹೊಂಡಾಕತ್ತಾನ, ನೋಡೀರಿಲ್ಲೋ, ಅಂದ ಸಣ್ಣ ದನಿಯಲ್ಲಿ. ಈಗಲಾದರೂ ಹೇಳಬೇಕು, ಹನುಮೇಶನ ಕಡೆ ತಿರುಗಿ ತಮ್ಮಾ ಅನ್ನಬೇಕು, ಅದು ಪದ್ಧತಿ — ನೋಡೂದು ನನ್ನ ಕೆಲಸ, ಮಾಡೂದು ನಿನ್ನ ಕೆಲಸ, ಅಂದ ಮೈಲಾರೆಪ್ಪ. ಅಂಪೈರ್ ಆಡಬಾರದ ಮಾತು, ಆಡಿಯೇಬಿಟ್ಟ. ಅಯಾಜ್ ಅವನ ಮುಖವನ್ನೇ ನೋಡಿದ, ತಿಳಿದುಕೊಂಡ, ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಹೋದ.

ಅಂದು ಚೆಂಡು ಇವನ ಕೈಯಲ್ಲಿತ್ತು. ಎರಡು ಸಾವಿರದ ಒಂದು, ಇದೇ ಮೈದಾನ, ಇದೇ ಫೈನಲ್, ಬ್ಯಾಡಗಿಗೂ ಥಾರ್ನ್‌ಟನ್ ಕ್ಲಬ್ಬಿಗೂ, ಕೊನೆಯ ಜೋಡಿ, ಆರು ರನ್ ಬೇಕಿತ್ತು, ಇಪ್ಪತ್ತನಾಲ್ಕು ವರ್ಷದ ಮೈಲಾರೆಪ್ಪ ಓಡಿ ಬಂದು ಎಸೆಯುವಾಗೆಲ್ಲ ವಕೀಲರ ಮಗ, ಈ ಹನುಮೇಶನ ಅಪ್ಪ, ಆಗಲೇ ಗೆರೆ ದಾಟಿ ಹೊರಟಿರುತ್ತಿದ್ದ. ಅಣ್ಣಾರ, ಕಾಲು ನೋಡ್ಕೋರಿ, ಅಂತ ಒಮ್ಮೆ ಹೇಳಿದ, ಅವನು ನಕ್ಕ, ನೀ ಚೆಂಡು ಒಗಿಯೋ, ನನ್ನ ಕಾಲು ನಾ ನೋಡ್ಕೋತೀನಿ, ಅಂದ. ಸರಿ, ಮುಂದಿನ ಸಲ ಓಡಿ ಬಂದ, ನಿಂತ, ಬೂಟು ನೋಡಿದ, ಬಿಳಿ ಬೂಟು ಗೆರೆಯಾಚೆ ನಾಲ್ಕು ಬೆರಳು, ಬೇಲ್ಸ್ ಹಾರಿಸಿದ. ಅಂಪೈರ್ ಬೆರಳು ಎತ್ತಿದ. ಬ್ಯಾಡಗಿಯ ಹನ್ನೊಂದು ಮಂದಿ ಒಬ್ಬರ ಮೇಲೊಬ್ಬರು ಬಿದ್ದರು, ಅಬ್ದುಲಗನಿ ಇವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ, ಎಷ್ಟು ಹೊತ್ತು, ಮೂರು ನಿಮಿಷವೂ ಇಲ್ಲ, ಹೆಗಲ ಮೇಲಿಂದಲೇ ಕಂಡದ್ದು, ಬೆತ್ತ ಊರುತ್ತ ಮೆಟ್ಟಿಲಿಳಿದು ಬರುತ್ತಿದ್ದ ಗುರುಪಾದಪ್ಪ ವಕೀಲ. ಮೈದಾನದ ನಡುವೆ ಬಂದು ನಿಂತು ಒದರಲಿಲ್ಲ, ಬೈಯಲಿಲ್ಲ, ಇದು ಕ್ರಿಕೆಟ್ ಅಲ್ಲ, ಅಂದ, ಇಂಗ್ಲಂಡಿನ್ಯಾಗ ಹಿಂಗ ಮಾಡಿದಾಂವನ್ನ ಯಾವ ಕ್ಲಬ್ಬಿನಾಗೂ ಒಳಗ ಬಿಡೂದಿಲ್ಲ, ರೂಲ್ ಒಳಗ ಔಟ್ ಅಂತ ಇರಬಹುದು, ಖರೇ, ಆದರ ಅದನ್ನ ಬರದಿದ್ದು ಅನ್ಯಾಯದ ಆಟ ಅನ್ನೂ ಅಧ್ಯಾಯದಾಗ, ಯಾವ ಮರ್ಯಾದಸ್ಥನೂ ಅದನ್ನ ಮುಟ್ಟೂದಿಲ್ಲ. ಆಮೇಲೆ ಅಬ್ದುಲಗನಿಯ ಕಡೆ ತಿರುಗಿ, ಕ್ಯಾಪ್ಟನ್, ಯು ವಿಲ್ ವಿತ್‌ಡ್ರಾ, ಅಂದ. ಅಬ್ದುಲಗನಿಗೆ ಆ ಇಂಗ್ಲಿಷು ಅರ್ಥವಾಯಿತೋ ಇಲ್ಲವೋ, ತಲೆ ಮಾತ್ರ ಆಡಿಸಿದ. ಅಪೀಲು ವಾಪಸು, ಬೆರಳು ವಾಪಸು, ಹೊರಗೆ ಹೋದ ಬೂಟು ಒಳಗೆ ವಾಪಸು, ಎರಡನೆಯ ಚೆಂಡಿಗೆ ಸಿಕ್ಸರು, ಆಟ ಮುಗಿಯಿತು. ಆ ಬೂಟು ಎಲ್ಲಿತ್ತು ಅಂತ ಒಬ್ಬನಾದರೂ ಕೇಳಿದನೇ?

ಅಲ್ಲಿಗೇ ಬಿಟ್ಟಿದ್ದರೆ ಮರೆಯುತ್ತಿದ್ದನೋ ಏನೋ, ಸೋಲು ಯಾರಿಗಿಲ್ಲ. ಫೋಟೋದ ಮುಂದೆ ಸಾಲು ನಿಂತಾಗ ವಕೀಲ ಇವನನ್ನು ಹೆಸರು ಹಿಡಿಯದೆ, ಬೌಲರ್, ಮುಂದ ಬಾ, ಅಂದ, ಎರಡೂ ತಂಡದ ಎದುರು, ಜಗಲಿ ತುಂಬಿದ ಊರ ಹಿರಿಯರ ಎದುರು, ಥಾರ್ನ್‌ಟನ್ನನ ಕಡೆ ಮುಖ ಮಾಡಿಸಿ, ಐ ಆಮ್ ಸಾರಿ ಜಂಟಲ್‌ಮನ್ ಅಂತ ಹೇಳಿಸಿದ, ಕೇಳಸಲಿಲ್ಲ, ಜೋರಲೆ ಹೇಳು, ಮತ್ತೊಮ್ಮೆ ಹೇಳಿದ, ಇನ್ನೂ ಜೋರಲೆ, ಮೂರನೆಯ ಸಲ ಹೇಳುವಾಗ ದನಿ ಒಡೆಯಿತು, ಯಾರೋ ಹಿಂದೆ ಕಿಸಕ್ಕನೆ ನಕ್ಕರು, ಆ ನಗು ಯಾರದೆಂದು ಇವತ್ತಿನವರೆಗೂ ಹುಡುಕುತ್ತಿದ್ದಾನೆ. ಹುಬ್ಬಳ್ಳಿಯಲ್ಲಿ ಆಟಗಾರರ ಕೋಟಾದಡಿ ಒಂದು ನೌಕರಿಯ ಟ್ರಯಲ್ಸ್ ಇತ್ತು, ನಡತೆಯ ಪತ್ರಕ್ಕೆ ಶೀಲ್ಡು ನಡೆಸುವ ಕ್ಲಬ್ಬಿನ ಕಾರ್ಯದರ್ಶಿಯ, ಅಂದರೆ ಇದೇ ವಕೀಲನ ಸಹಿ ಬೇಕು, ಕೋರ್ಟಿನ ಹೊರಗೆ ನಾಲ್ಕು ದಿನ ಕಾದ, ನಾಲ್ಕನೆಯ ದಿನ ವಕೀಲ ಕರೀ ಕೋಟಿನ ತೋಳು ಸರಿಮಾಡಿಕೊಳ್ಳುತ್ತ, ನಿನ್ನ ನಡತಿ ನಾ ಕಣ್ಣಾರೆ ನೋಡೇನಲ್ಲ, ಏನಂತ ಬರೀಲಿ, ಅಂದ. ಮುಗಿಯಿತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸುವ ಕೆಲಸ, ಕಡ್ಡಿ ತಳಿಯ ಕೆಂಪುಗಾಯಿ, ಮಾಸಿದ್ದು, ಬಿಳಿಗಾಯಿ, ಬೇರೆ ಬೇರೆ ರಾಶಿ, ಚೆಂಡಿನ ಹೊಲಿಗೆ ಹಿಡಿಯುತ್ತಿದ್ದ ಎರಡು ಬೆರಳು ಇಪ್ಪತ್ತಮೂರು ವರ್ಷದಿಂದ ಉರಿಯುತ್ತಿವೆ, ಹಮಾಲರು ಕೂಡ ಏ ಮೋಸದ ಬೌಲರ್ ಎಂದು ಕರೆದು ನಗುತ್ತಾರೆ, ಪ್ರೀತಿಯಿಂದಲೇ, ಅದೇ ಹೆಚ್ಚು ಚುಚ್ಚುತ್ತದೆ. ಅಂದು ಸೋತು ಮನೆಗೆ ಬಂದಾಗ ಅಜ್ಜಿ ಗುತ್ತೆವ್ವ ಇನ್ನೂ ಇದ್ದಳು, ಮೋಟೆಬೆನ್ನೂರಿನವಳು, ನಲವತ್ತೆರಡರ ಚಳವಳಿಯಲ್ಲಿ ಬ್ರಿಟಿಷರ ತಂತಿ ಕಡಿದು ಹಿಂಡಲಗಾ ಜೈಲಿಗೆ ಹೋದ ಗಂಡನಿಗೆ ಬುತ್ತಿ ಒಯ್ದವಳು, ಇವನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿ, ಗೆರಿ ದಾಟಿದಾಂವ ಯಾರು, ಅಂದಳು, ಅಂವ, ಅಂದ, ಮತ್ತ ತಪ್ಪಾತು ಅಂದಾಂವ ಯಾರು, ಅಂದಳು, ನಾನು, ಅಂದ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಯಾಕಂದಿ, ಅಂದಳು. ಕಬಡ್ಡಿಯಲ್ಲಿ ಗೆರೆ ದಾಟಿ ಸಿಕ್ಕಿಬಿದ್ದವನು ತಾನೇ ಎದ್ದು ಹೋಗುತ್ತಾನೆ, ಹಿಡಿದವನಿಂದ ಯಾರೂ ಕ್ಷಮೆ ಕೇಳಿಸುವುದಿಲ್ಲ.

ಅಂದೇ ಠರಾವಾಗಿತ್ತು ಮನಸ್ಸಿನಲ್ಲಿ, ಆಡುವವನಾಗಿ ಆಗದಿದ್ದರೆ ಬೆರಳೆತ್ತುವವನಾಗಿ ಬರುತ್ತೇನೆ, ಇದೇ ಮೈದಾನಕ್ಕೆ, ಅದೇ ಮನೆಯ ಕಾಲಿಗೆ. ಅಂಪೈರ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲ ಬಿದ್ದ, ಮೂರನೆಯ ಸಲ ಪಾಸಾದ, ಮೆಣಸಿನಕಾಯಿ ಚೀಲದ ಮೇಲೆ ಪುಸ್ತಕ ಇಟ್ಟು ನಿಯಮ ಉರುಹೊಡೆದ, ಸೀನುತ್ತ ಸೀನುತ್ತ, ಪ್ರತಿಯೊಂದು ನಿಯಮ ಬಾಯಿಪಾಠ, ಆದರೆ ಆ ಒಂದು ನಿಯಮದ ಪುಟ ತೆರೆದಾಗೆಲ್ಲ ತಲೆಯ ಮೇಲೆ ಅದೇ ಶೀರ್ಷಿಕೆ, ಅನ್ಯಾಯದ ಆಟ, ಓದಿದಾಗೆಲ್ಲ ಕಿವಿ ಬಿಸಿಯಾಗುತ್ತಿತ್ತು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಮಗಳು ಅರುಣಾ ಮೊಬೈಲು ಹಿಡಿದುಕೊಂಡು ಓಡಿ ಬಂದಳು, ಅಪ್ಪಾ, ಕ್ರಿಕೆಟ್ ರೂಲ್ ಬರಿಯೂ ಲಂಡನ್‌ದವರು ಅದನ್ನ ಅನ್ಯಾಯದ ಅಧ್ಯಾಯದಿಂದ ತಗದು ರನ್ ಔಟ್ ಅಧ್ಯಾಯದಾಗ ಹಾಕ್ಯಾರ, ಈಗ ಅದು ಬರೇ ರನ್ ಔಟ್, ತಪ್ಪಲ್ಲಂತ, ಅಂದಳು. ಮೈಲಾರೆಪ್ಪ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ, ನಾನು ಮೋಸಗಾರ ಅಲ್ಲ, ಅಲ್ಲ, ಅಲ್ಲ, ಊರಿಗೆಲ್ಲ ಪೇಢೆ ಹಂಚಿದ, ಹಮಾಲರಿಗೂ, ಯಾತರ ಪೇಢಾ ಎಂದು ಕೇಳಿದವರಿಗೆ ಲಂಡನ್ನಿನವರು ಒಪ್ಪ್ಯಾರ ಎಂದ. ಮರುದಿನವೇ ಆ ಪುಟ ಪ್ರಿಂಟ್ ಹಾಕಿಸಿದ, ಎರಡು ಮಡಿಕೆ, ಇಗೋ ಎದೆಯ ಜೇಬಿನಲ್ಲಿದೆ, ಪ್ರತಿ ಮ್ಯಾಚಿಗೂ ಇರುತ್ತದೆ, ಮುದುಕ ಮೆಟ್ಟಿಲಿಳಿದು ಬರಲಿ, ಈ ಕಾಗದ ಅವನ ಮೂಗಿನ ಮುಂದೆ ಹಿಡಿದು, ಓದರಿ ವಕೀಲರ, ನಿಮ್ಮ ದೇವರು ಬರೆದದ್ದು, ಜೋರಲೆ ಓದರಿ, ಕೇಳಸಲಿಲ್ಲ, ಇನ್ನೂ ಜೋರಲೆ — ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಮೆಣಸಿನಕಾಯಿ ರಾಶಿಯ ಮುಂದೆ ಸಾವಿರ ಸಲ ಹೇಳಿಕೊಂಡ ಮಾತು.

ಮೂರನೆಯ ಎಸೆತ, ಒಂದು ಹೆಜ್ಜೆ, ಎರಡು, ಮೂರು, ಮೈಲಾರೆಪ್ಪನ ಕಣ್ಣು ಗೆರೆಯ ಮೇಲೆ, ಹೋಗು ಬೂಟೇ, ಹೋಗು, ಹೋಯಿತು, ನಾಲ್ಕು ಬೆರಳು, ಅಯಾಜನ ಕೈ ಮೇಲೇರತೊಡಗಿತು, ಅರ್ಧಕ್ಕೇ ನಿಂತಿತು, ತಿರುಗಿತು, ಟಕ್, ಬೇಲ್ಸ್ ಎರಡೂ ನೆಲಕ್ಕೆ, ಬೂಟು ಆಚೆಯೇ ಇದೆ, ಕಲ್ಲಾಗಿ ನಿಂತ ಹಾಗೆ, ಹೌ ಈಸ್ ದಟ್, ಅಯಾಜ್ ಕೂಗಿದ. ಲೆಗ್ ಕಡೆಯಿಂದ ಎರಡನೆಯ ಅಂಪೈರ್ ಮಹಮ್ಮದ್ ಹನೀಫ್ ಓಡಿ ಬಂದ, ಮೈಲಾರೆಪ್ಪ, ಕ್ಯಾಪ್ಟನ್ನಿಗೆ ಒಮ್ಮೆ ಕೇಳೋಣೇನಪಾ, ವಾಪಸ್ ತಗೋತಾನೋ ಏನೋ, ಅಂದ. ಯಾಕ ಕೇಳೂದು, ಕ್ಯಾಚ್ ಹಿಡದಾಗ ಕೇಳ್ತಿಯೇನು, ಅಂದ ಮೈಲಾರೆಪ್ಪ, ಮತ್ತು ಬೆರಳು ಎತ್ತಿದ, ಮೆಣಸಿನಕಾಯಿಯಲ್ಲಿ ಬೆಂದ ಅದೇ ಬೆರಳು, ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು, ಪೆವಿಲಿಯನ್ನಿಗೆ ಕಾಣಲಿ, ಫೋಟೋದಲ್ಲಿರುವವನಿಗೂ ಕಾಣಲಿ. ರಾಣೆಬೆನ್ನೂರಿನವರು ಕೂಗಿಕೊಂಡು ಯಲ್ಲೇಶನ ಸುತ್ತ ಸೇರಿದರು, ಹನುಮೇಶ ಬ್ಯಾಟನ್ನು ನೆಲಕ್ಕೆ ಬಡಿದು, ಇದು ಸ್ಪಿರಿಟ್ ಆಫ್ ಕ್ರಿಕೆಟ್ ಅಲ್ಲ, ಚೀಟಿಂಗ್ ಇದು, ಎಂದು ಒದರಿದ, ಒದರು ಮಗನೇ, ಇನ್ನೂ ಜೋರಾಗಿ, ಆಹಾ, ಎದೆಯೊಳಗೆ ಯಾರೋ ತಣ್ಣೀರು ಹೊಯ್ದ ಹಾಗೆ, ಇಪ್ಪತ್ತಮೂರು ವರ್ಷದ ಉರಿ ಚುಂಯ್ ಎಂದಿತು. ಮತ್ತು ಅಗೋ, ಕುರ್ಚಿಯಿಂದ ಮುದುಕ ಏಳುತ್ತಿದ್ದಾನೆ, ಬೆತ್ತ ಊರಿದ, ಒಂದು ಮೆಟ್ಟಿಲು, ಎರಡು, ಬಾ, ಬಾ ನಮ್ಮಪ್ಪ, ನಿನಗಾಗಿಯೇ ಕಾದಿದ್ದೇನೆ.

ಬಂದ. ನಿಧಾನಕ್ಕೆ, ಇಡೀ ಮೈದಾನ ದಾರಿ ಬಿಟ್ಟುಕೊಟ್ಟಿತು, ಮೈಲಾರೆಪ್ಪನ ಕೈ ಎದೆಯ ಜೇಬಿಗೆ ಹೋಯಿತು, ಕಾಗದದ ಮಡಿಕೆ ಬೆರಳಿಗೆ ಸಿಕ್ಕಿತು. ಅಜ್ಜಾ, ನೋಡ್ರಿ ಇವರು, ಎಂದ ಹನುಮೇಶ. ಬಾಯಿ ಮುಚ್ಚು, ಅಂದ ಮುದುಕ, ಮೊಮ್ಮಗನಿಗೆ, ಕಾಲು ಹೊರಗಿತ್ತಿಲ್ಲೋ, ಮತ್ತೇನೈತಿ, ಲಾರ್ಡ್ಸ್‌ದವರು ಅಧ್ಯಾಯ ಬದ್ಲಿ ಮಾಡಿ ಒಂದೂವರಿ ವರ್ಷ ಆತು, ಈಗ ಇದು ಎಲ್ಲಾ ಔಟಿನ ಹಂಗ ಒಂದು ಔಟು, ನಡಿ, ಹೋಗಿ ಬೌಲರಿಗೆ ಕೈ ಕೊಡು. ಹನುಮೇಶ ಹೋದ. ಮುದುಕ ಅಂಪೈರಿನ ಕಡೆ ತಿರುಗಿದ, ಕಣ್ಣಲ್ಲಿ ಪೊರೆ, ಮುಖದಲ್ಲಿ ಗುರುತಿನ ಸುಳಿವೂ ಇಲ್ಲ, ಗುಡ್ ಡಿಸಿಷನ್, ಅಂಪೈರ್, ಅಂದು ಕೈ ಚಾಚಿದ. ನಾನು ಮೈಲಾರೆಪ್ಪರಿ, ಬ್ಯಾಡಗಿ, ಎರಡು ಸಾವಿರದ ಒಂದು, ನಾ ಹಿಂಗ ಮಾಡಿದಾಗ ನೀವ — ದನಿ ತನ್ನದಲ್ಲದ ಹಾಗೆ ಕೇಳಿಸಿತು. ಮುದುಕ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದ, ಪೂರ್ತಿ ನೆನಪಾಗಲಿಲ್ಲ, ಹೌದೇನು, ಇದ್ದೀತು, ಅಂದ, ಆಗ ಅದು ತಪ್ಪಿತ್ತಪಾ, ಈಗ ಸರಿ ಐತಿ, ಅಷ್ಟ.

ಅಷ್ಟೇ. ಅಷ್ಟೇನು. ಬೈಯಲಿ, ಈಗಲಾದರೂ ಬೈಯಲಿ ಈ ಮುದುಕ, ಬೆತ್ತ ಎತ್ತಲಿ, ಇದು ಕ್ರಿಕೆಟ್ ಅಲ್ಲ ಎನ್ನಲಿ, ಆಗ ಕಾಗದ ತೆಗೆಯಬಹುದು — ತೆಗೆದು ಏನು ಹೇಳುವುದು, ಕಾಗದ ಹೇಳಬೇಕಾದ್ದನ್ನು ಅವನೇ ಹೇಳಿಬಿಟ್ಟ, ಇವನಿಗಿಂತ ಮೊದಲೇ ಅವನೂ ಓದಿದ್ದಾನೆ, ಒಂದೇ ಊರಿನಿಂದ ಬಂದ ಒಂದೇ ಕಾಗದ, ಒಬ್ಬನು ಎದೆಯಲ್ಲಿಟ್ಟುಕೊಂಡ, ಇನ್ನೊಬ್ಬನು ತಲೆಯಲ್ಲಿ, ಅವರು ತಪ್ಪು ಅಂದಾಗ ನಾನು ಮೋಸಗಾರ, ಅವರು ಸರಿ ಅಂದಾಗ ನಾನು ಪೇಢೆ ಹಂಚಿದೆ, ಹಮಾಲರಿಗೂ, ಥೂ. ಎದೆಯ ಜೇಬಿನಿಂದ ಬರಿಗೈ ಹೊರಗೆ ಬಂತು, ಮುಂದೆ ಚಾಚಿದ್ದ ಒಣಗಿದ ಕೈಯನ್ನು ಹಿಡಿಯಿತು, ಯಾರು ಹಿಡಿ ಎಂದರು, ಕೊರಳು ಬಾಗಿತು, ಯಾರು ಬಾಗು ಎಂದರು, ಬಾಯಿ ಥ್ಯಾಂಕ್ಯೂ ಸರ್ ಎಂದಿತು, ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, ಮೊದಲ ಸಲಕ್ಕೇ. ಜಗಲಿಯಿಂದ ಕರೆಯುತ್ತಿದ್ದಾರೆ, ಫೋಟೋದ ಮುಂದೆ ಸಾಲು ನಿಲ್ಲಬೇಕಂತೆ, ಅಂಪೈರುಗಳೂ ಬರ್ರಿ, ಬರ್ರಿ. ಸಾವಿರ ಸಲ ಹೇಳಿಕೊಂಡ ಮಾತಿನ ಒಂದಕ್ಷರ ನೆನಪಿಗೆ ಬರಲೊಲ್ಲದು, ಹುಡುಕಿದಾಗೆಲ್ಲ ಬರುವುದು ಅದೊಂದೇ, ಬಿಳಿ ಬೂಟು, ಇವನದೋ ಅಪ್ಪನದೋ, ಗೆರೆಯಾಚೆ ನಾಲ್ಕು ಬೆರಳು, ಅಂದೂ ಅಲ್ಲೇ ಇತ್ತು, ಇಂದೂ ಅಲ್ಲೇ ಇತ್ತು, ನಾಲ್ಕೇ ಬೆರಳು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ — ಗೆರೆ, ಬೂಟು, ಬಿಳಿ ಬೂಟು, ಗೆರೆಯಾಚೆ —